ಪರೀಕ್ಷೆಯ ದಿನದ ಹೊಗೆ

ವರ್ಷಕ್ಕೆ ಎರಡು ಸಲ ನಾವು ಪರೀಕ್ಷೆಗೆ ಕೂಡ್ರುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಊರ ಮಕ್ಕಳನ್ನು ಪರೀಕ್ಷೆಗೆ ಕೂಡ್ರಿಸಿದ ನಮಗೆ ಈ ಇಳಿವಯಸ್ಸಿನಲ್ಲಿ ಆ ಯೋಗ ಒದಗಿದ್ದು ನಮ್ಮ ಹಳೆಯ ಮೋಟಾರು ಗಾಡಿಯ ದೆಸೆಯಿಂದ. ಕರ್ನಾಟಕದಿಂದ ಈ ಸಮ್ಮೇಳನಕ್ಕೆ ದಯಮಾಡಿಸಿದ ಬಂಧುಗಳು ‘ಪಿಯುಸಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಾಲೇಜಿನ ಎರಡು ವರ್ಷಗಳನ್ನು ನೆನೆಯುತ್ತಾರೆ. ಯಾರ ಮಗ, ಪಾಸಾದನೆ, ಎಷ್ಟು ಪ್ರತಿಶತ ಬಿತ್ತು ಎಂದು ವಿಚಾರಿಸುತ್ತಾರೆ. ಸಾಂಗಲಿ-ಮಿರಜಗಳಲ್ಲಿ ನೆಲೆನಿಂತ ನಮಗೆ ಆ ಮೂರು ಅಕ್ಷರಗಳ ಅರ್ಥವೇ ಬೇರೆ. ಇಲ್ಲಿ ಮಕ್ಕಳು ಓದುವುದು ‘ಬಾರಾವಿ’. ಪಿಯುಸಿ ಮಾಡಿಸುವುದು ಗಾಡಿಗೆ. ಗಾಡಿ ಬಿಡುವ ಹೊಗೆ ಕಾಯದೆಯ ಮಿತಿಯೊಳಗಿದೆ ಎಂದು ಸಾರುವ ಪ್ರಮಾಣಪತ್ರಕ್ಕೆ ಆ ಹೆಸರು. ಎರಡಕ್ಕೂ ಸಮಾನವಾದುದು ಒಂದೇ: ಪಾಸಾಗಬೇಕೆಂಬ ಕಳವಳ.

ನಮ್ಮದು 1998ರ ಮಾರುತಿ 800. ಸಾಂಗಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದು ಮಹಾನಗರಪಾಲಿಕೆಯಾದ ವರ್ಷವೇ ಅದು. ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಯಂತ್ರ. ಈಗಿನ ಗಾಡಿಗಳಲ್ಲಿ ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂಬ ಲೆಕ್ಕವನ್ನು ಗಣಕಯಂತ್ರ ನೋಡಿಕೊಳ್ಳುತ್ತದೆ; ನಮ್ಮದರಲ್ಲಿ ಆ ಕೆಲಸ ಕಾರ್ಬುರೇಟರಿನದು. 2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗಲಿಯ ಓಣಿಗಳಿಗೆ ನುಗ್ಗಿದಾಗ ಸ್ನೇಹಿತರೊಬ್ಬರ ಎತ್ತರದ ಅಂಗಳದಲ್ಲಿ ಎಂಟು ದಿನ ನಿಲ್ಲಿಸಿ ಇದನ್ನು ಉಳಿಸಿಕೊಂಡೆವು. ಹಾಗೆ ಉಳಿಸಿಕೊಂಡದ್ದರ ಮೇಲೆ ಮಮತೆ ತುಸು ಹೆಚ್ಚೇ ಇರುತ್ತದೆ. ಹದಿನೈದು ವರ್ಷ ತುಂಬಿದ ಬಳಿಕ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಪರಿಸರದ ಹೆಸರಿನ ತೆರಿಗೆ ಕಟ್ಟಬೇಕು. ಅದನ್ನೂ ತಪ್ಪದೆ ಮಾಡುತ್ತ ಬಂದಿದ್ದೇವೆ.

ಪರೀಕ್ಷೆಯ ಪಠ್ಯಕ್ರಮ ಇಷ್ಟು. ಗಾಡಿ ನಿಂತಲ್ಲೇ ಯಂತ್ರವನ್ನು ಸಾವಕಾಶ ಓಡಿಸುತ್ತಾರೆ. ಹಿಂದಿನ ಹೊಗೆಕೊಳವೆಯೊಳಗೆ ಒಂದು ನಳಿಗೆ ತೂರಿಸುತ್ತಾರೆ. ಒಳಗೆ ಬಂದ ಹೊಗೆಯ ಮೂಲಕ ಅವಗೆಂಪು ಕಿರಣ ಹಾಯಿಸಿ, ಅದರಲ್ಲಿ ಎಷ್ಟನ್ನು ಹೊಗೆ ಹೀರಿಕೊಂಡಿತು ಎಂಬುದರ ಮೇಲೆ ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಹೈಡ್ರೋಕಾರ್ಬನ್ನುಗಳ ಪ್ರಮಾಣವನ್ನು ಯಂತ್ರ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು ಇದರ ಮಿತಿಗಳನ್ನು ಹೇಳುವ ನಿಯಮ. ನಮ್ಮ ಗಾಡಿಯ ಕಾಲದವಕ್ಕೆ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 3 ಭಾಗ ದಾಟಬಾರದು, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1500 ಭಾಗ ದಾಟಬಾರದು. ಭಾರತ್ ಸ್ಟೇಜ್ ಎರಡು, ಮೂರರ ಗಾಡಿಗಳಿಗೆ ಮೊದಲನೆಯದು 0.5, ಎರಡನೆಯದು 750. ನಾಲ್ಕನೆಯ ಸ್ಟೇಜಿನವಕ್ಕೆ 0.3 ಮತ್ತು 200. ವಯಸ್ಸಾದವರಿಗೆ ಕೃಪಾಂಕ ಕೊಟ್ಟಂತೆ ನಮಗೆ ಆರು ಪಟ್ಟು, ಹತ್ತು ಪಟ್ಟು ಸಡಿಲಿಕೆ. ಬದಲಿಗೆ ಆರು ತಿಂಗಳಿಗೊಮ್ಮೆ ಹಾಜರಾಗಬೇಕು. ಪ್ರಮಾಣಪತ್ರವಿಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ ಹತ್ತು ಸಾವಿರ ರೂಪಾಯಿವರೆಗೆ ಏರಬಹುದು. 2021ರ ಜೂನಿನಿಂದ ದೇಶಕ್ಕೆಲ್ಲ ಒಂದೇ ನಮೂನೆಯ ಪ್ರಮಾಣಪತ್ರ ಬಂತು. ಅದರೊಡನೆ ಇನ್ನೊಂದು ಹೊಸ ಕಾಗದವೂ ಬಂತು. ಗಾಡಿ ನಪಾಸಾದರೆ ನಪಾಸೆಂದೇ ಬರೆದು ಕೊಡುವ ನಿರಾಕರಣೆಯ ಚೀಟಿ. ಮುಖ್ಯಾಧ್ಯಾಪಕರಾಗಿದ್ದ ನಮಗೆ ಈ ಎರಡನೆಯ ಕಾಗದದ ಮೇಲೆಯೇ ಗೌರವ ಹೆಚ್ಚು. ಪಾಸೆಂದು ಬರೆಯಲು ಧೈರ್ಯ ಬೇಕಿಲ್ಲ.

ಎರಡು ವರ್ಷಗಳ ಹಿಂದೆ, ಕಾರ್ತಿಕ ಮಾಸದಲ್ಲಿ, ಆ ಚೀಟಿ ನಮ್ಮ ಕೈಗೇ ಬಂತು. ಸಾಂಗಲಿ-ಮಿರಜ ರಸ್ತೆಯ ಮಗ್ಗುಲಿನ ಒಂದು ತಪಾಸಣಾ ಕೇಂದ್ರ. ಅಲ್ಲಿದ್ದ ಹುಡುಗ ನಳಿಗೆ ತೂರಿಸಿದ, ನಂಬರ್ ಪ್ಲೇಟಿನ ಫೋಟೋ ತೆಗೆದ, ಪರದೆ ನೋಡಿದ. ಕಾರ್ಬನ್ ಮಾನಾಕ್ಸೈಡ್ 4.8. “ಕಾಕಾ, ಫೇಲ್ ಆಗೇತ್ರಿ. ಸೆಟ್ ಮಾಡಿಸ್ಕೊಂಡ ಬರ್ರಿ” ಎಂದು ಚೀಟಿ ಕೊಟ್ಟ. ‘ಸೆಟ್ ಮಾಡಿಸು’ ಎಂಬ ಪದದ ಅರ್ಥವ್ಯಾಪ್ತಿ ಎಷ್ಟೆಂಬುದು ಆಗ ನಮಗೆ ಗೊತ್ತಿರಲಿಲ್ಲ.

ಮಿರಜದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜು ಇದೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ನಮ್ಮ ಕೈಕೆಳಗೆ ಓದಿದವನು. ಓದಿದನೆಂಬುದಕ್ಕಿಂತ ಕೂತಿದ್ದನೆಂದರೆ ಸರಿ. ಅಕ್ಷರ ಅವನಿಗೆ ಒಲಿಯಲಿಲ್ಲ, ಕಬ್ಬಿಣ ಒಲಿಯಿತು. ಚೀಟಿ ನೋಡಿ ಅವನು ನಕ್ಕ. “ಒಂದ್ ಮಿಂಟ ಕೂಡ್ರಿ ಸರ. ಸ್ಕ್ರೂ ಒಂದಿಷ್ಟ ತಿರುವಿ ಕೊಡ್ತೀನಿ, ಪಾಸ ಆಗ್ತೈತಿ. ನಾಳೆ ಹೊಳ್ಳಿ ತರ್ರಿ, ಮೊದಲಿನಂಗ ಮಾಡ್ತೀನಿ. ಇಲ್ಲಾಂದ್ರ ಸಿಗ್ನಲ್‌ದಾಗ ನಿಂತಲ್ಲೇ ಬಂದ ಬೀಳತೈತಿ.”

ಅವನು ಮಾಡಿದ್ದು ಇಷ್ಟು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಹೆಚ್ಚುಕಡಿಮೆ ಹದಿನೈದು ಪಾಲು ಗಾಳಿ ಬೇಕು. ಗಾಳಿ ಕಡಿಮೆ ಬಿದ್ದರೆ ಪೆಟ್ರೋಲು ಅರೆಬೆಂದು, ಇಂಗಾಲದ ಡೈಆಕ್ಸೈಡ್ ಆಗಬೇಕಾದುದು ಮಾನಾಕ್ಸೈಡಿನಲ್ಲೇ ನಿಂತುಬಿಡುತ್ತದೆ. ನಿಂತ ಗಾಡಿಯ ಸಾವಕಾಶ ಓಟಕ್ಕೆ ಎಷ್ಟು ಪೆಟ್ರೋಲು ಇಳಿಯಬೇಕೆಂಬುದನ್ನು ಕಾರ್ಬುರೇಟರಿನ ಒಂದು ಸಣ್ಣ ತಿರುಪು ನಿರ್ಧರಿಸುತ್ತದೆ. ಅದನ್ನು ಬಿಗಿಗೊಳಿಸಿದರೆ ಪೆಟ್ರೋಲು ಕಡಿಮೆಯಾಗಿ ಯಂತ್ರದ ಅಂಕಿ ಕೆಳಗಿಳಿಯುತ್ತದೆ. ಪರೀಕ್ಷೆ ನಡೆಯುವುದೂ ನಿಂತ ಗಾಡಿಗೇ. ಆದ್ದರಿಂದ ರೋಗ ಎಲ್ಲಿದ್ದರೂ ನಾಡಿ ನೋಡುವ ಜಾಗದಲ್ಲಿ ಮಾತ್ರ ಆರೋಗ್ಯ ಕಾಣಿಸಿಕೊಳ್ಳುತ್ತದೆ. ಅದೇ ಸಂಜೆ ಮತ್ತೆ ಹೋದೆವು; ಅಂಕಿ 2.4. ಪ್ರಮಾಣಪತ್ರ ಬಂತು. ಮರುದಿನ ತಿರುಪು ಮೊದಲಿನ ಜಾಗಕ್ಕೆ ಹೋಯಿತು.

ತಿರುಪು ಹೊಳ್ಳಿಸುವಾಗ ಆ ಶಿಷ್ಯ ತನ್ನಷ್ಟಕ್ಕೆ ಒಂದು ಮಾತು ಆಡಿದ. “ನೀವೂ ಹಿಂಗ ಮಾಡ್ತಿದ್ರಲ್ರಿ ಸರ. ಸಾಹೇಬ್ರು ತಪಾಸಣಿಗೆ ಬರೂ ದಿವಸ ನನ್ನ ಹಿಂದಿನ ಸಾಲಿನ್ಯಾಗ ಗ್ವಾಡಿಗೆ ಹಚ್ಚಿ ಕೂಡ್ರಸ್ತಿದ್ರಿ.” ಅದರಲ್ಲಿ ಕಹಿ ಇರಲಿಲ್ಲ. ನಾವೂ ನಕ್ಕು ಚಹಾ ಕುಡಿದು ಬಂದೆವು.

ಅದಾಗಿ ಇಪ್ಪತ್ತು ದಿನಕ್ಕೆ ಅಥಣಿಯಿಂದ ಬಂದ ನಮ್ಮ ಅತ್ತಿಗೆಯವರನ್ನು ಮಿರಜದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಮಿರಜ ಎಂಥ ಊರೆಂದು ಇಲ್ಲಿಯ ವಾಚಕರಿಗೆ ಹೇಳಬೇಕಿಲ್ಲ. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದಂದಿನಿಂದ ಅಥಣಿ, ಚಿಕ್ಕೋಡಿ, ಜಮಖಂಡಿ, ವಿಜಯಪುರಗಳ ರೋಗಿಗಳಿಗೆ ಇದು ದೊಡ್ಡ ಭರವಸೆಯ ಊರು. ಆಸ್ಪತ್ರೆಗಳ ಓಣಿಗಳಲ್ಲಿ ಮರಾಠಿಯಷ್ಟೇ ಕನ್ನಡವೂ ಕೇಳಿಸುತ್ತದೆ. ಅಂಥ ಒಂದು ಇಕ್ಕಟ್ಟಾದ ಓಣಿಯಲ್ಲಿ, ಒಂದು ವಾರ್ಡಿನ ಕಿಡಕಿಯ ಕೆಳಗೆ, ಗಾಡಿ ನಿಲ್ಲಿಸಿ ಅತ್ತಿಗೆಯವರ ದಾರಿ ಕಾಯುತ್ತ ಕುಳಿತೆವು. ಬ್ಯಾಟರಿ ದುರ್ಬಲವಾಗಿತ್ತು, ಒಮ್ಮೆ ಬಂದ್ ಮಾಡಿದರೆ ತಳ್ಳುವವರನ್ನು ಹುಡುಕಬೇಕಾದೀತೆಂದು ಯಂತ್ರವನ್ನು ಓಡುತ್ತಲೇ ಬಿಟ್ಟಿದ್ದೆವು. ಕಾಲು ತಾಸು ಕಳೆದಿರಬೇಕು. ಒಬ್ಬ ನರ್ಸು ಹುಡುಗಿ ಹೊರಗೆ ಬಂದು ಗಾಜು ತಟ್ಟಿದಳು. “ಅಜ್ಜಾರ, ಗಾಡಿ ಬಂದ ಮಾಡ್ರಿ. ಹೊಗಿ ಎಲ್ಲಾ ಕಿಡಕಿಯಿಂದ ಒಳಗ ಬರಾಕತ್ತೈತಿ. ಒಳಗ ದಮ್ಮಿನ ಪೇಶಂಟ್ ಅದಾರ್ರಿ.”

ಮಾತಿನ ಧಾಟಿಯ ಮೇಲೆ ನಮ್ಮ ಕಡೆಯವಳೇ ಎಂದು ತಿಳಿಯಿತು. ನಮ್ಮ ನಾಲಗೆಯ ತುದಿಗೆ ಬಂದಿದ್ದ ಉತ್ತರ ಯಾವುದೆಂದು ಇಂದು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತೇವೆ: “ತಂಗಿ, ನಮ್ಮ ಗಾಡಿಗೆ ಪಿಯುಸಿ ಐತಿ.” ಕೈ ಅಷ್ಟರಲ್ಲೇ ಪ್ರಮಾಣಪತ್ರವಿದ್ದ ಖಾನೆಯ ಕಡೆ ಹೋಗಿತ್ತು. ಕಿಡಕಿಯ ಒಳಗಿನಿಂದ ಯಾರೋ ಕೆಮ್ಮುವುದು ಕೇಳಿಸಿತು. ಕೈ ತಿರುಗಿ ಚಾವಿಯ ಕಡೆ ಬಂತು. ಗಾಡಿ ಬಂದ್ ಮಾಡಿದೆವು. ಮುಂದೆ ಅದನ್ನು ತಳ್ಳಲು ಇಬ್ಬರು ರಿಕ್ಷಾದವರು ನೆರವಾದರೆಂಬುದು ಬೇರೆ ಮಾತು.

ಆ ರಾತ್ರಿ ನಮ್ಮನ್ನು ಕಾಡಿದ ಪ್ರಶ್ನೆ ಇದು. ನಾವು ಸುಳ್ಳು ಹೇಳಿದ್ದೆವೆ? ಇಲ್ಲ. ತಪಾಸಣೆಯವನಿಗೆ ಲಂಚ ಕೊಟ್ಟಿರಲಿಲ್ಲ. ಗಾಡಿ ಬೇಡ, ನಂಬರು ಕಳಿಸಿದರೆ ಸಾಕು, ಪತ್ರ ಮನೆಗೆ ಬರುತ್ತದೆ ಎನ್ನುವವರೂ ಉಂಟೆಂದು ಕೇಳಿದ್ದೇವೆ. ಅದು ನೇರವಾದ ಕಳವು, ಅದರಲ್ಲಿ ವಿಚಾರ ಮಾಡತಕ್ಕದ್ದು ಏನೂ ಇಲ್ಲ. ನಮ್ಮ ಪ್ರಕರಣ ಹಾಗಲ್ಲ. ಯಂತ್ರ ತೋರಿಸಿದ 2.4 ನಿಜವಾದ ಅಂಕಿ. ಆ ಕ್ಷಣದಲ್ಲಿ ಆ ಗಾಡಿ ಅಷ್ಟೇ ಹೊಗೆ ಬಿಡುತ್ತಿತ್ತು. ಪತ್ರದಲ್ಲಿ ಅಚ್ಚಾದ ಒಂದೊಂದು ಅಕ್ಷರವೂ ಸತ್ಯ. ಇಷ್ಟೆಲ್ಲ ಸತ್ಯಗಳು ಕೂಡಿ ಒಂದು ವಂಚನೆ ಹೇಗಾಯಿತು?

ಪರೀಕ್ಷೆಗೆ ಸಿದ್ಧವಾಗುವುದೇ ತಪ್ಪೆನ್ನಲು ಬರುವುದಿಲ್ಲ. ತಣ್ಣಗಿರುವ ಯಂತ್ರ ಹೆಚ್ಚು ಹೊಗೆ ಬಿಡುತ್ತದೆ. ಆದ್ದರಿಂದ ಐದಾರು ಮೈಲು ಓಡಿಸಿ, ಯಂತ್ರ ಹದಕ್ಕೆ ಬಂದಮೇಲೆ ತಪಾಸಣೆಗೆ ಒಯ್ಯಬೇಕೆಂದು ತಿಳಿದವರು ಹೇಳುತ್ತಾರೆ. ಅದು ಮೋಸವಲ್ಲ, ಗಾಡಿಯ ನಿಜವಾದ ನಡೆ ಕಾಣುವುದೇ ಆಗ. ಪರೀಕ್ಷೆಯ ಮುಂಜಾನೆ ಹುಡುಗನಿಗೆ ತಾಯಿ ಹೊಟ್ಟೆತುಂಬ ಉಣಿಸಿ ಕಳಿಸುವುದನ್ನು ಯಾರು ತಪ್ಪೆಂದಾರು? ಗಾಳಿಯ ಜಾಳಿಗೆ ಬದಲಿಸುವುದು, ಸ್ಪಾರ್ಕ್ ಪ್ಲಗ್ಗು ತಿಕ್ಕುವುದು, ಇವೂ ಸಿದ್ಧತೆಗಳೇ. ಹಾಗಾದರೆ ಗೆರೆ ಎಲ್ಲಿ? ನಮ್ಮ ಮಟ್ಟಿಗೆ ನಾವು ಕಂಡುಕೊಂಡ ಗೆರೆ ಹೀಗಿದೆ: ಪರೀಕ್ಷೆ ಮುಗಿದ ಮೇಲೆ ಆ ಸಿದ್ಧತೆಯನ್ನು ನಾವೇ ಬಿಚ್ಚಿಹಾಕುತ್ತೇವೆಯೆ? ಹುಡುಗ ಉಂಡ ಊಟವನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ತಿರುಪನ್ನು ಮಾತ್ರ ಮರುದಿನವೇ ಹೊಳ್ಳಿಸಿದೆವು. ತಪಾಸಣೆಯ ಹುಡುಗ ಮರುದಿನ ಗ್ಯಾರೇಜಿನಲ್ಲಿ ನಮ್ಮ ಮಗ್ಗುಲಿಗೆ ನಿಂತಿದ್ದರೆ ನಮಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಯೇ ಸಾಕ್ಷಿ.

ಮಿರಜದಲ್ಲಿ ಈ ಮಾತು ತಿಳಿಯಲು ದೂರ ಹೋಗಬೇಕಿಲ್ಲ. ಇಲ್ಲಿಯ ಸಿತಾರು-ತಂಬೂರಿಗಳಿಗೆ ದೇಶದಲ್ಲೆಲ್ಲ ಮನ್ನಣೆ; 2024ರಲ್ಲಿ ಭೌಗೋಳಿಕ ಸೂಚಿಯ ಮುದ್ರೆಯೂ ಬಿತ್ತು. ಅಬ್ದುಲ್ ಕರೀಂ ಖಾನರು ಬಾಳಿ, ಮಣ್ಣಾದ ಊರು ಇದು. ಕೊಳ್ಳುವ ಉಸ್ತಾದರ ಮುಂದೆ ಶ್ರುತಿ ಹಿಡಿದು, ಅವರು ಸ್ಟೇಷನ್ ಮುಟ್ಟುವಷ್ಟರಲ್ಲಿ ಜಾರುವ ತಂಬೂರಿಯನ್ನು ಮಾಡಿದ ಕುಶಲಕರ್ಮಿ ಈ ಓಣಿಯಲ್ಲಿ ಎರಡನೆಯ ತಂಬೂರಿ ಮಾರಲಾರ. ತಂಬೂರಿಯನ್ನು ಕೊಂಡವನ ಕಿವಿ ನಿತ್ಯ ಪರೀಕ್ಷೆ ಮಾಡುತ್ತಿರುತ್ತದೆ. ಹೊಗೆಯದು ಹಾಗಲ್ಲ. ಅದನ್ನು ನಿತ್ಯ ಪರೀಕ್ಷಿಸುವವರು ಗಾಡಿಯ ಹಿಂದೆ ಬರುವ ಸೈಕಲ್ಲಿನ ಹುಡುಗರು ಮತ್ತು ಕಿಡಕಿಯ ಒಳಗಿನ ರೋಗಿಗಳು. ಅವರಿಗೆ ಚೀಟಿ ಕೊಡುವ ಅಧಿಕಾರವಿಲ್ಲ.

ಇನ್ನು ಶಿಷ್ಯನ ಮಾತಿಗೆ ಬರುತ್ತೇವೆ. ನಕ್ಕು ಬಿಟ್ಟಿದ್ದ ಆ ಮಾತು ಆಸ್ಪತ್ರೆಯ ಓಣಿಯಿಂದ ಬಂದಮೇಲೆ ನಗೆಯಾಗಿ ಉಳಿಯಲಿಲ್ಲ. ಗಡಿನಾಡಿನ ಕನ್ನಡ ಶಾಲೆಯೆಂದರೆ ಪುಸ್ತಕ ತಡವಾಗಿ ಬರುವ, ಶಿಕ್ಷಕರ ಜಾಗ ತೆರವಾಗಿ ಉಳಿಯುವ ಶಾಲೆ. ಇಂಥಲ್ಲಿ ತಪಾಸಣೆಯ ದಿನ ಶಾಲೆಯ ಮಾನ ಕನ್ನಡದ ಮಾನವೇ ಎಂದು ನಾವು ತಿಳಿದಿದ್ದೆವು. ಹಿಂದಿನ ದಿನ ಗೋಡೆಗೆ ಸುಣ್ಣ, ಪಕ್ಕದ ಶಾಲೆಯಿಂದ ತಂದ ನಕಾಶೆಗಳು, ಮುಂದಿನ ಸಾಲಿನಲ್ಲಿ ಮಗ್ಗಿ ಬಲ್ಲ ಮಕ್ಕಳು. ಸಾಹೇಬರು ಮೆಚ್ಚಿ ಷರಾ ಬರೆದು ಹೋಗುತ್ತಿದ್ದರು. ಮರುದಿನ ನಕಾಶೆಗಳು ತಮ್ಮ ಶಾಲೆಗೆ ಹೋಗುತ್ತಿದ್ದವು, ಮಕ್ಕಳು ತಮ್ಮ ತಮ್ಮ ಜಾಗಕ್ಕೆ. ಓದು ಬರದ ಆ ಹುಡುಗನಿಗೆ ನೆರವು ಬೇಕಿತ್ತೆಂಬುದು ಯಾವ ಷರಾದಲ್ಲೂ ಬರಲಿಲ್ಲ, ಏಕೆಂದರೆ ಅವನು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡವರು ನಾವೇ. ತಪಾಸಣೆಯಿಂದ ಶಾಲೆಗೆ ಆಗಬಹುದಾಗಿದ್ದ ಒಂದೇ ಒಂದು ಲಾಭವನ್ನು ನಾವು ಶಾಲೆಯ ಮಾನದ ಹೆಸರಿನಲ್ಲಿ ತಪ್ಪಿಸಿದೆವು.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದ ಒಂದು ಪ್ರಸಂಗವನ್ನು ನಾವು ಪ್ರತಿ ವರ್ಷ ಅಕ್ಟೋಬರ್ ಎರಡರಂದು ಮಕ್ಕಳಿಗೆ ಹೇಳುತ್ತಿದ್ದೆವು. ರಾಜಕೋಟೆಯ ಶಾಲೆಗೆ ಜೈಲ್ಸ್ ಎಂಬ ತಪಾಸಣಾಧಿಕಾರಿ ಬಂದು ಐದು ಇಂಗ್ಲಿಷ್ ಶಬ್ದಗಳನ್ನು ಬರೆಸಿದ. ಅವುಗಳಲ್ಲಿ ಒಂದಾದ ‘ಕೆಟಲ್’ ಎಂಬುದನ್ನು ಬಾಲಕ ಮೋಹನದಾಸ ತಪ್ಪಾಗಿ ಬರೆದ. ಶಿಕ್ಷಕರು ಬೂಟಿನ ತುದಿಯಿಂದ ಚುಚ್ಚಿ ಪಕ್ಕದವನ ಪಾಟಿ ನೋಡೆಂದು ಸೂಚಿಸಿದರೂ ಅವನು ನೋಡಲಿಲ್ಲ. ಹೇಳುವಾಗ ನಮ್ಮ ಕಣ್ಣು ಯಾವಾಗಲೂ ಆ ಬಾಲಕನ ಮೇಲೆ ಇರುತ್ತಿತ್ತು. ಕತೆಯಲ್ಲಿ ಶಿಕ್ಷಕನೂ ಒಬ್ಬನಿದ್ದಾನೆ, ಅವನು ದುಷ್ಟನಲ್ಲ, ತನ್ನ ತರಗತಿ ಚೆನ್ನಾಗಿ ಕಾಣಲೆಂದು ಬಯಸಿದ ಸಾಮಾನ್ಯ ಮನುಷ್ಯ ಎಂಬುದು ನಮಗೆ ಹೊಳೆದದ್ದು ಎಪ್ಪತ್ತು ದಾಟಿದ ಮೇಲೆ. ಇಷ್ಟು ವರ್ಷ ಬೂಟು ಹಾಕಿಕೊಂಡು ನಿಂತು ಕತೆ ಹೇಳಿದ್ದೆವು.

ನಮ್ಮ ಚಿಕ್ಕ ಗ್ಯಾರೇಜಿನಲ್ಲಿ ನಡೆದದ್ದು ದೊಡ್ಡ ಜಗತ್ತಿನಲ್ಲಿ ದೊಡ್ಡದಾಗಿಯೇ ನಡೆದಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಗಾಡಿಗಳ ಸಂಗತಿ 2015ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಆ ಗಾಡಿಯ ಗಣಕಯಂತ್ರವೇ ಗುರುತಿಸುತ್ತಿತ್ತು. ಪರೀಕ್ಷೆಯೆಂದು ತಿಳಿದೊಡನೆ ಹೊಗೆ ಶುದ್ಧ. ರಸ್ತೆಗಿಳಿದೊಡನೆ ನೈಟ್ರೋಜನ್ನಿನ ಆಕ್ಸೈಡುಗಳು ಕೆಲವು ಸಂದರ್ಭಗಳಲ್ಲಿ ಮಿತಿಯ ನಲವತ್ತು ಪಟ್ಟಿನವರೆಗೆ. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಈ ಏರ್ಪಾಟು ಇತ್ತು; ನಮ್ಮ ದೇಶದಲ್ಲಿ 3 ಲಕ್ಷಕ್ಕೂ ಮಿಕ್ಕಿ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಗುಟ್ಟು ರಟ್ಟಾಗಲು ದಾರಿ ಮಾಡಿದವರು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು. ಅವರು ಮಾಡಿದ್ದು ಇಷ್ಟೇ: ಅಳೆಯುವ ಯಂತ್ರವನ್ನು ಗಾಡಿಯ ಮೇಲೇ ಹೊರಿಸಿ ರಸ್ತೆಯಲ್ಲಿ ಓಡಿಸಿ ನೋಡಿದರು. ಆ ಸುದ್ದಿ ಓದಿದಾಗ ನಾವು, ‘ಎಂಥ ಅನ್ಯಾಯ’ ಎಂದು ಪತ್ರಿಕೆ ಮಡಚಿ ಇಟ್ಟಿದ್ದೆವು. ಆ ಕಂಪನಿಯ ಎಂಜಿನಿಯರರು ಬುದ್ಧಿ ಖರ್ಚುಮಾಡಿ ಬರೆಸಿದ ಲೆಕ್ಕಾಚಾರವನ್ನು ನಮ್ಮ ಶಿಷ್ಯ ಒಂದು ಸ್ಕ್ರೂಡ್ರೈವರಿನಿಂದ ಮಾಡಿದ, ಅಷ್ಟೇ ವ್ಯತ್ಯಾಸ.

ಇದಕ್ಕೆ ಎದುರು ವಾದಗಳು ನಮಗೆ ತಿಳಿಯದವಲ್ಲ. ಅವನ್ನು ನಮ್ಮ ಮನಸ್ಸಿಗೆ ನಾವೇ ಹೇಳಿಕೊಂಡಿದ್ದೇವೆ. ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮಿರಜದ ಸುತ್ತ ಮುಗಿಲಿಗೆ ಕಪ್ಪು ಬಳಿಯುತ್ತ ಹೋಗುವಾಗ ವಾರಕ್ಕೆರಡು ದಿನ ಹೊರಗೆ ಬರುವ ಒಂದು ಪುಟ್ಟ ಗಾಡಿಯ ಲೆಕ್ಕವೇನು? ಈ ವಾದ ಬಲವಾದದ್ದೇ. ಆದರೆ ಆ ಕಿಡಕಿಯ ಕೆಳಗೆ ಅಂದು ಟ್ರ್ಯಾಕ್ಟರು ನಿಂತಿರಲಿಲ್ಲ. ಪರೀಕ್ಷೆಯೇ ಅಪೂರ್ಣ ಎಂಬುದು ಇನ್ನೊಂದು ವಾದ. ಅದೂ ನಿಜ. ಪೆಟ್ರೋಲ್ ಗಾಡಿಯ ಈ ತಪಾಸಣೆ ನೈಟ್ರೋಜನ್ನಿನ ಆಕ್ಸೈಡುಗಳನ್ನು ಅಳೆಯುವುದಿಲ್ಲ, ಸೂಕ್ಷ್ಮ ಕಣಗಳನ್ನು ಅಳೆಯುವುದಿಲ್ಲ. ಎತ್ತರ ಏರುವಾಗಿನ ಹೊಗೆ ಅದರ ಕಣ್ಣಿಗೇ ಬೀಳುವುದಿಲ್ಲ. ಪ್ರಶ್ನೆಪತ್ರಿಕೆ ಸರಿಯಿಲ್ಲವೆಂದು ಕಾಪಿ ಹೊಡೆದೆ ಎಂದ ಹುಡುಗನಿಗೆ ನಾವು ಏನು ಉತ್ತರ ಕೊಟ್ಟಿದ್ದೆವೆಂಬುದು ನೆನಪಿದ್ದುದರಿಂದ ಈ ವಾದವನ್ನು ಹೆಚ್ಚು ಬೆಳೆಸಲಿಲ್ಲ.

ನಮ್ಮ ಈ ಸೀಮೆಯಲ್ಲಿ ಜೈನ ಬಂಧುಗಳ ನೆರೆಯಲ್ಲಿ ಬಾಳಿದ್ದರಿಂದ ಇನ್ನೊಂದು ವಿಚಾರವೂ ಮನಸ್ಸಿಗೆ ಬಂತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಬಹುಕಾಲ ಇದು ನಮಗೆ ಸಂನ್ಯಾಸಿಗಳ ಕಟ್ಟಳೆಯಂತೆ ಕಂಡಿತ್ತು. ದ್ವೇಷವಿಲ್ಲದವನು ಹಿಂಸಕ ಹೇಗಾದಾನು ಎಂದು ಕೇಳಿದ್ದೂ ಉಂಟು. ಹೊಗೆಯ ವಿಷಯದಲ್ಲಿ ಈ ಲಕ್ಷಣ ಸರಿಯಾಗಿ ಹೊಂದುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂದು ಕೆಮ್ಮು ಬರಿಸಿದ್ದು ಅರೆಬೆಂದ ಪೆಟ್ರೋಲಿನ ಘಾಟು. ಅದರ ಜೊತೆಗೆ ಸದ್ದಿಲ್ಲದೆ ಒಳಹೋದ ಮಾನಾಕ್ಸೈಡು ರಕ್ತದ ಹಿಮೋಗ್ಲೋಬಿನ್ನಿಗೆ ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಕ್ಕಿದ ಹಟದಿಂದ ಅಂಟಿಕೊಳ್ಳುವಂಥದು. ಆ ವಾರ್ಡಿನ ರೋಗಿಯ ಮೇಲೆ ನಮಗೆ ದ್ವೇಷವಿರಲಿಲ್ಲ. ಅವನ ಮುಖವನ್ನೇ ನಾವು ನೋಡಿಲ್ಲ.

ಮರುವಾರ ಗಾಡಿಯನ್ನು ಶಿಷ್ಯನ ಮುಂದೆ ನಿಲ್ಲಿಸಿ, ಪಾಸು ಮಾಡಿಸುವುದು ಬೇಡ, ಗುಣ ಮಾಡು ಎಂದೆವು. ಅವನು ನಂಬಲಿಲ್ಲ. “ಪಿಯುಸಿ ಇನ್ನ ಐದ ತಿಂಗಳ ಐತಲ್ರಿ ಸರ” ಎಂದ. ಎರಡು ದಿನ ಇಟ್ಟುಕೊಂಡು ಬಿಚ್ಚಿ ನೋಡಿದ. ಪೆಟ್ರೋಲು ತಡೆಯುವ ಸೂಜಿ ಸವೆದು ಹೆಚ್ಚಿಗೆ ಇಳಿಯುತ್ತಿತ್ತು. ಚೋಕಿನ ತಗಡು ಪೂರ್ತಿ ತೆರೆಯುತ್ತಿರಲಿಲ್ಲ. ಗಾಳಿಯ ಜಾಳಿಗೆಯನ್ನು ಬದಲಿಸಿ ಎಷ್ಟು ವರ್ಷವಾಗಿತ್ತೆಂಬುದು ನಮಗೇ ನೆನಪಿರಲಿಲ್ಲ. ಇವು ನಮ್ಮ ಎಚ್ಚರಗೇಡಿತನಗಳೇ. ಬ್ಯಾಟರಿಯನ್ನೂ ಬದಲಿಸಿದೆವು. ಪೆಟ್ರೋಲಿನ ರಬ್ಬರು ನಳಿಗೆಗಳನ್ನು ಬದಲಿಸಬೇಕೆಂದು ಅವನೇ ಹೇಳಿದ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲಿಗೆ ಹಳೆಯ ರಬ್ಬರು ತಾಳುವುದಿಲ್ಲವಂತೆ. ಆ ಎಥನಾಲಿನಲ್ಲಿ ನಮ್ಮ ಸಕ್ಕರೆ ಕಾರಖಾನೆಗಳ ಪಾಲೂ ಉಂಟು. ಅದರಲ್ಲಿ ಆಮ್ಲಜನಕವಿರುವುದರಿಂದ ಕಾರ್ಬುರೇಟರಿನ ಗಾಡಿಗಳಲ್ಲಿ ಕಾರ್ಬನ್ ಮಾನಾಕ್ಸೈಡು ತುಸು ಇಳಿಯುತ್ತದೆ. ನಾವು ಬೈಯುವ ಟ್ರ್ಯಾಕ್ಟರು ಹೊತ್ತೊಯ್ದ ಕಬ್ಬೇ ನಮ್ಮ ಗಾಡಿಯ ಪರೀಕ್ಷೆಗೆ ಬೆನ್ನಿಗೆ ನಿಲ್ಲುತ್ತದೆ! ಒಟ್ಟು ಖರ್ಚು ನಮ್ಮ ಪಿಂಚಣಿಗೆ ಹಗುರವಾಗಿರಲಿಲ್ಲ. ಪರೀಕ್ಷೆಗೆಂದು ತಿರುಪು ತಿರುವಿಸುವವರೆಲ್ಲ ದುರಾಚಾರಿಗಳೆಂದು ನಾವು ಹೇಳಲಾರೆವು. ಬಾಡಿಗೆ ಟೆಂಪೊ ಓಡಿಸಿ ಹೊಟ್ಟೆ ಹೊರೆಯುವವನ ಮುಂದೆ ನಿಂತು ಈ ಪ್ರಬಂಧ ಓದುವ ಧೈರ್ಯ ನಮಗಿಲ್ಲ. ನಮಗೆ ಖರ್ಚು ಮಾಡಲು ಸಾಧ್ಯವಿತ್ತು, ಮಾಡಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಅಂಕಿ 2.6 ಬಂತು. ಕಳ್ಳತನದಿಂದ ಬಂದ 2.4ಕ್ಕಿಂತ ಹೆಚ್ಚೇ. ಯಂತ್ರದ ಉಂಗುರಗಳು ಸವೆದಿವೆ, ಅದಕ್ಕಿಂತ ಕೆಳಗೆ ಪ್ರಾಮಾಣಿಕವಾಗಿ ಇಳಿಯುವುದು ಕಠಿಣ ಎಂದು ಶಿಷ್ಯ ಹೇಳುತ್ತಾನೆ. ಪಾಸಾದೆವು, ಆದರೆ ಪಕ್ಕದ ಮನೆಯ ಹೊಸ ಗಾಡಿಯ ಮಿತಿಯಿಂದ ಅಳೆದರೆ ಈಗಲೂ ನಪಾಸು. 2028ಕ್ಕೆ ನೋಂದಣಿಯ ಅವಧಿ ಮುಗಿಯುತ್ತದೆ. ಮಗ ಪುಣೆಯಿಂದ ಫೋನು ಮಾಡಿದಾಗಲೆಲ್ಲ ಗಾಡಿಯನ್ನು ಗುಜರಿಗೆ ಹಾಕಿ ಎನ್ನುತ್ತಾನೆ. ಹೊಸ ಗಾಡಿಯ ಕಬ್ಬಿಣ ಕರಗಿಸಿದ ಕುಲುಮೆಯೂ ಎಲ್ಲಿಯೋ ಯಾರದೋ ಕಿಡಕಿಗೆ ಹೊಗೆ ಬಿಟ್ಟಿರುತ್ತದೆಯಲ್ಲ ಎಂದು ನಾವು ಎನ್ನುತ್ತೇವೆ. ಇದು ವಿಚಾರವೋ, ಮಮತೆ ತೊಟ್ಟ ವೇಷವೋ ಎಂಬುದು ನಮಗೆ ಇನ್ನೂ ಬಗೆಹರಿದಿಲ್ಲ.

ಆ ದಿನ ಪ್ರಮಾಣಪತ್ರ ತೋರಿಸಲೆಂದು ಗ್ಯಾರೇಜಿಗೆ ಹೋದೆವು. ಶಿಷ್ಯ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದ. “ಹೊಳ್ಳಸ್ಲೇನ್ರಿ ಸರ?”

“ಬ್ಯಾಡೋ ತಮ್ಮಾ.”

ಅವನು ಅದನ್ನು ಕಿಸೆಯಲ್ಲಿಟ್ಟು ಚಹಾ ಹೇಳಿದ. ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಆಗ ಹೇಳಿದೆವು: ತಪಾಸಣೆಯ ದಿನ ನಿನ್ನನ್ನು ಹಿಂದೆ ಗೋಡೆಗೆ ಹಚ್ಚಿ ಕೂಡ್ರಿಸಿದ್ದು ನಮ್ಮ ತಪ್ಪು. ಅವನು ತುಸು ಹೊತ್ತು ಕೈಯ ಎಣ್ಣೆ ಒರೆಸಿಕೊಂಡ. “ಬಿಡ್ರಿ ಸರ,” ಎಂದ, “ಆ ಗ್ವಾಡಿ ಬಾಜೂಕ ಕಿಡಕಿ ಇತ್ತು. ಗಾಳಿ ಚಲೋ ಬರ್ತಿತ್ತು.”